ಕಣ್ಣಿಲ್ಲದ ತೋಳಜೇಡ

ರಾತ್ರಿ ಗದ್ದೆ ಬದುವಿನ ಮೇಲೆ ಹಣೆಗೆ ಟಾರ್ಚು ಕಟ್ಟಿಕೊಂಡು ನಡೆದರೆ ಹುಲ್ಲಿನ ಬುಡದಲ್ಲಿ ಹಸಿರು ಕಿಡಿಗಳು ಮಿನುಗುತ್ತವೆ. ಜೊತೆಗೆ ಬಂದವರು ಇಬ್ಬನಿ ಎನ್ನುತ್ತಾರೆ. ಬಗ್ಗಿ ನೋಡಿ, ಅದು ತೋಳಜೇಡದ ಕಣ್ಣು. ಹೆಚ್ಚಿನ ತೋಳಜೇಡಗಳು ಬಲೆ ಹೆಣೆಯುವುದಿಲ್ಲ. ನೆಲದ ಮೇಲೆ ಓಡಾಡಿ, ಕಂಡದ್ದರ ಮೇಲೆ ಎರಗುತ್ತವೆ. ಅದಕ್ಕೇ ಎಂಟು ಕಣ್ಣು, ಅವುಗಳಲ್ಲಿ ಎರಡು ಸಾಕಷ್ಟು ದೊಡ್ಡವು. ಈ ಮನೆತನದಲ್ಲಿ ಒಂದೇ ಒಂದು ಕಣ್ಣೂ ಇಲ್ಲದ ಜೇಡವಿದೆ ಎಂದರೆ ನಂಬುವುದು ಕಷ್ಟ. ಆದರೆ ಇದೆ.

ಇರುವುದು ಹವಾಯಿಯ ಕವಾಯಿ ದ್ವೀಪದಲ್ಲಿ, ಅದೂ ದಕ್ಷಿಣ ತೀರದ ಕೋಲೋವಾ ಸುತ್ತಿನ ಕೆಲವೇ ಗುಹೆಗಳಲ್ಲಿ. ಲಾವಾ ಹರಿಯುವಾಗ ಮೇಲ್ಪದರ ಗಟ್ಟಿಯಾಗಿ, ಒಳಗಿನದು ಮುಂದೆ ಸಾಗಿ ಖಾಲಿಯಾದ ಕೊಳವೆಗಳು ಅವು. ಕೀಟತಜ್ಞ ಫ್ರ್ಯಾಂಕ್ ಹೋವರ್ತ್ 1970ರ ದಶಕದ ಆರಂಭದಲ್ಲಿ ಹವಾಯಿಯ ಗುಹೆಗಳನ್ನು ಜಾಲಾಡುವ ತನಕ, ಅಲ್ಲಿ ಇಂಥ ಜೀವಿಗಳಿರಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. 1973ರಲ್ಲಿ ಜೇಡತಜ್ಞ ಗರ್ಟ್ಷ್ ಈ ಕಣ್ಣಿಲ್ಲದ ಜೇಡಕ್ಕೆ 'ಅಡೆಲೊಕೋಸಾ ಅನಾಪ್ಸ್' ಎಂದು ಹೆಸರಿಟ್ಟರು. ಹವಾಯಿಯ ದೊಡ್ಡ ದ್ವೀಪದ ಗುಹೆಗಳಲ್ಲಿ ಇದರ ನೆಂಟನೊಂದಿದೆ. ಅದಕ್ಕೆ ಪುಟ್ಟ ಕಣ್ಣುಗಳು ಇನ್ನೂ ಉಳಿದಿವೆ.

ಕಣ್ಣು ಹೋದರೂ ಬೇಟೆ ಬಿಟ್ಟಿಲ್ಲ. ಸ್ಪರ್ಶ, ವಾಸನೆಗಳ ಜಾಡು ಹಿಡಿದು ಮೆಲ್ಲಗೆ ಹತ್ತಿರ ಸರಿದು ಹಿಡಿಯುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಇದರ ತಾಯ್ತನ. ನಮ್ಮ ಗದ್ದೆಯ ತೋಳಜೇಡ ಮೊಟ್ಟೆಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು ತಿರುಗಿದರೆ, ಇದು ಬಾಯಲ್ಲಿ ಕಚ್ಚಿಕೊಂಡು ತಿರುಗುತ್ತದೆ. ಒಂದು ಚೀಲದಲ್ಲಿ 15ರಿಂದ 30 ಮೊಟ್ಟೆ, ಅಷ್ಟೇ. ಹೊರಗಿನ ನೆಂಟರದು ನೂರು ದಾಟುತ್ತದೆ. ಊಟ ಕಡಿಮೆಯಿರುವ ಮನೆಯಲ್ಲಿ ಮಕ್ಕಳು ಕಡಿಮೆ. ಆದರೆ ಹುಟ್ಟುವಾಗಲೇ ದಪ್ಪ.

ಊಟವೆಂದರೆ ಮುಖ್ಯವಾಗಿ ಸೆಂಟಿಮೀಟರ್ ಉದ್ದವೂ ಇಲ್ಲದ, ಬಿಳಿಚಿದ, ಅದೂ ಕುರುಡಾದ ಸಿಗಡಿಜಾತಿಯ ಒಂದು ಹುಳ. ಅದು ತಿನ್ನುವುದು ಗುಹೆಯ ಚಾವಣಿ ಸೀಳಿ ಇಳಿದ ಮರದ ಬೇರಿನ ಕೊಳೆತ ಭಾಗವನ್ನು. ಮೇಲಿನ ಮರ ಕಡಿದರೆ ಕೆಳಗಿನ ಅಡುಗೆಮನೆಯೇ ಮುಚ್ಚಿತು. ಗಾಳಿಯಲ್ಲಿ ತೇವವೂ ತುಂಬಿರಲೇಬೇಕು. ಇಷ್ಟಾಗಿಯೂ ಮೇಲಿರುವುದೇನು? ರೆಸಾರ್ಟು, ಗಾಲ್ಫ್ ಮೈದಾನ, ಕಲ್ಲು ಕ್ವಾರಿ. ಹುಲ್ಲಿಗೆ ಹೊಡೆದ ಕೀಟನಾಶಕ ಮಳೆನೀರಿನ ಜೊತೆ ಬಿರುಕುಗಳಲ್ಲಿ ಇಳಿಯಬಲ್ಲದು. ಗುಹೆಯೊಳಗೆ ಒಬ್ಬ ಸಿಗರೇಟು ಹಚ್ಚಿದರೂ ತಂಟೆಯೇ. ನಿಕೋಟಿನ್ ಕೂಡ ಕೀಟನಾಶಕವಲ್ಲವೇ!

ಅಮೆರಿಕ ಸರ್ಕಾರ 2000ದ ಜನವರಿಯಲ್ಲಿ ಜೇಡವನ್ನೂ ಅದರ ಊಟವಾದ ಹುಳವನ್ನೂ ಒಟ್ಟಿಗೇ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಸರಿಯಾದ ಲೆಕ್ಕಾಚಾರ ಎನ್ನುತ್ತೇನೆ. ಆದರೆ ಗುಹೆಯ ಬಾಯಿಗೆ ಗೇಟು ಹಾಕಿದರೆ ಕಾವಲು ಅರ್ಧವಷ್ಟೇ ಆಯಿತು. ಉಳಿದರ್ಧ ಮೇಲಿನ ಜಮೀನಿನವರ ಕೈಯಲ್ಲಿದೆ: ಆಳಕ್ಕೆ ಬೇರುಬಿಡುವ ನಾಡಮರಗಳನ್ನು ನೆಡಬೇಕು, ಔಷಧಿ ಡಬ್ಬಿಯನ್ನು ದೂರ ಇಡಬೇಕು.