ಎಳೆಯ ನಾಯಿಯ ಕೀಲುಬೇನೆ: ಚಿಕಿತ್ಸೆಯ ದಾರಿಗಳು

ನಾಯಿಯನ್ನು ಸಾಕುವುದು ನಮ್ಮ ನಾಡಿನ ಮನೆತನಗಳಿಗೆ ಹೊಸತಲ್ಲ. ಹೊಲದ ಬೆಳೆಗೆ, ಕುರಿಹಟ್ಟಿಗೆ, ಮನೆಯಂಗಳಕ್ಕೆ ಅದು ತಲೆತಲಾಂತರದಿಂದ ಕಾವಲುಗಾರನಾಗಿ ನಡೆದುಬಂದಿದೆ. ಮುಧೋಳದ ಬೇಟೆನಾಯಿಯಂತೂ 2005ರಲ್ಲಿ ಭಾರತದ ಅಂಚೆಚೀಟಿಯನ್ನೇ ಏರಿತು. ಆದರೆ ಈಚಿನ ಕೆಲವು ದಶಕಗಳಲ್ಲಿ ನಮ್ಮ ಪಟ್ಟಣಗಳ ಮನೆಗಳಲ್ಲಿ ಕಾಣಸಿಗುವ ನಾಯಿಗಳು ಬೇರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್ ಮೊದಲಾದ ಭಾರಿ ಮೈಕಟ್ಟಿನ ತಳಿಗಳು ಒಳಮನೆಗೇ ಬಂದು ನೆಲೆಸಿವೆ. ಅವುಗಳೊಡನೆ ನಮ್ಮ ಹಿರಿಯರು ಹೆಚ್ಚಾಗಿ ಕಂಡರಿಯದ ಒಂದು ಬೇನೆಯೂ ಬಂದಿದೆ. ಅದು ಸೊಂಟದ ಕೀಲಿನ ಬೇನೆ. ವೈದ್ಯರು ಅದನ್ನು 'ಹಿಪ್ ಡಿಸ್‌ಪ್ಲೇಸಿಯಾ' ಎಂದು ಕರೆಯುತ್ತಾರೆ. ಗ್ರೇಹೌಂಡಿನಂಥ ತೆಳುಮೈಯ ಓಟದ ನಾಯಿಗಳಲ್ಲಿ ಇದು ತೀರ ವಿರಳ. ಭಾರದ ತಳಿಗಳಲ್ಲಿ, ಅದರಲ್ಲಿಯೂ ವರ್ಷ ತುಂಬದ ಮರಿಗಳಲ್ಲಿ, ಇದು ಕಾಣಿಸಿಕೊಂಡಾಗ ಮನೆಮಂದಿಯೆಲ್ಲ ದಿಕ್ಕುಗಾಣದಂತಾಗುತ್ತಾರೆ.

ಈ ಬೇನೆಯ ಸ್ವರೂಪವನ್ನು ತಿಳಿಯಲು ನಮ್ಮ ಅಡುಗೆಮನೆಯ ಒರಳುಕಲ್ಲನ್ನು ನೆನೆದರೆ ಸಾಕು. ಒರಳಿನ ಕುಳಿಯೂ ಗುಂಡುಕಲ್ಲೂ ಒಂದಕ್ಕೊಂದು ಒಪ್ಪಿದ್ದರೆ ರುಬ್ಬುವ ಕೆಲಸ ಸರಾಗ. ಕುಳಿ ಆಳವಿಲ್ಲದಿದ್ದರೆ, ಗುಂಡು ಅದರಲ್ಲಿ ನೆಲೆಯಾಗಿ ನಿಲ್ಲದಿದ್ದರೆ, ತಿರುವಿದಾಗಲೆಲ್ಲ ಅದು ಅಂಚಿಗೆ ಬಡಿದು ಅಂಚನ್ನೂ ಸವೆಸುತ್ತದೆ, ತಾನೂ ಸವೆಯುತ್ತದೆ. ನಾಯಿಯ ಸೊಂಟದಲ್ಲಿ ತೊಡೆಯೆಲುಬಿನ ದುಂಡಾದ ತಲೆಯೇ ಗುಂಡು; ಸೊಂಟದೆಲುಬಿನ ಬಟ್ಟಲೇ ಒರಳು. ಈ ರೋಗವಿರುವ ಮರಿ ಹುಟ್ಟುವಾಗ ಕೀಲು ಸರಿಯಾಗಿಯೇ ಇರುತ್ತದೆ. ಬೆಳೆಯುತ್ತ ಬಂದಂತೆ ಅದನ್ನು ಬಿಗಿಹಿಡಿಯಬೇಕಾದ ಅಸ್ಥಿರಜ್ಜುಗಳು ಸಡಿಲವಾಗಿ, ಎಲುಬಿನ ತಲೆ ಬಟ್ಟಲಿನಿಂದ ಅಷ್ಟಿಷ್ಟು ಹೊರಜಾರುತ್ತದೆ. ಎಳೆಯ ಎಲುಬು ಮೆತ್ತಗಿರುವುದರಿಂದ ಬಟ್ಟಲು ಆಳವಾಗಿ ರೂಪುಗೊಳ್ಳುವುದಿಲ್ಲ, ಮೃದ್ವಸ್ಥಿ ಸವೆಯುತ್ತದೆ, ಕೊನೆಗೆ ಸಂಧಿವಾತ ನೆಲೆಸುತ್ತದೆ. ಅಮೆರಿಕದ ಪಶುವೈದ್ಯ ಷ್ನೆಲ್ ಎಂಬುವರು 1935ರಲ್ಲಿ ಇದನ್ನು ಮೊದಲಿಗೆ ವರ್ಣಿಸಿದರು. ಇದು ಒಂದೇ ವಂಶವಾಹಿಯ ದೋಷವಲ್ಲ, ಹಲವು ವಂಶವಾಹಿಗಳು ಕೂಡಿದ ಫಲ. ಅದರ ಮೇಲೆ ಆಹಾರವೂ ಬೆಳವಣಿಗೆಯ ವೇಗವೂ ಪರಿಸರವೂ ತಮ್ಮ ಪಾಲನ್ನು ಸೇರಿಸುತ್ತವೆ.

ಧಾರವಾಡದಲ್ಲಿರುವ ನಮ್ಮ ತಮ್ಮನ ಮನೆಯಲ್ಲಿ ಇಂಥದೊಂದು ಪ್ರಸಂಗ ನಡೆಯಿತು. ಅವರ ಲ್ಯಾಬ್ರಡಾರ್ ಮರಿಗೆ ಆಗ ಏಳು ತಿಂಗಳು. ಮಲಗಿದಲ್ಲಿಂದ ಏಳಲು ಹಿಂದೆಮುಂದೆ ನೋಡುತ್ತಿತ್ತು. ಓಡುವಾಗ ಎರಡೂ ಹಿಂಗಾಲುಗಳನ್ನು ಜೊತೆಯಾಗಿ ಎತ್ತಿ ಮೊಲದಂತೆ ಕುಪ್ಪಳಿಸುತ್ತಿತ್ತು. ಮೆಟ್ಟಿಲು ಹತ್ತಲೊಲ್ಲದು, ಆಟದ ನಡುವೆಯೇ ಕುಳಿತುಬಿಡುವುದು. ತೋರಿಸಲು ಹೋದ ಮೊದಲ ಚಿಕಿತ್ಸಾಲಯದಲ್ಲಿ ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಎರಡೇ ಮಾತಿನಲ್ಲಿ ತೀರ್ಪು ಕೊಟ್ಟು ಕಳಿಸಿದರಂತೆ. ಆ ಸಂಜೆ ತಮ್ಮನ ಮಗ ನಮ್ಮಲ್ಲಿಗೆ ಬಂದು, "ದೊಡ್ಡಪ್ಪಾರ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ರಿ ಅಂದ್ರು. ಏಳ ತಿಂಗಳ ಕೂಸ್ರಿ ಅದು, ಇನ್ನೂ ಹಲ್ಲ ಪೂರಾ ಬಲಿತಿಲ್ಲ" ಎಂದು ಕಣ್ಣೀರಿಟ್ಟನು. ನಾವು ವೈದ್ಯರಲ್ಲ, ಸಂಸ್ಕೃತ ಕನ್ನಡ ಗ್ರಂಥಗಳನ್ನು ಓದಿ ಬೆಳೆದವರು. ಆದರೆ ಒಂದು ಗ್ರಂಥಕ್ಕೆ ಒಂದೇ ವ್ಯಾಖ್ಯಾನವನ್ನು ನೋಡಿ ಅರ್ಥನಿರ್ಣಯ ಮಾಡಬಾರದೆಂಬುದು ಮಠದ ಪಾಠಶಾಲೆ ನಮಗೆ ಕಲಿಸಿದ ಮೊದಲ ಶಿಸ್ತು. "ಇನ್ನೊಬ್ಬರಿಗೆ ತೋರಿಸೋಣ, ಅಲ್ಲೀತನಕ ಯಾವ ನಿರ್ಧಾರಾನೂ ಬ್ಯಾಡ" ಎಂದೆವು. ಹುಡುಗನೊಡನೆ ನಾವೂ ಪಶುವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಗೆ ಹೋದೆವು. ಅಲ್ಲಿ ಕೇಳಿ ತಿಳಿದದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ವಾಚಕರ ಮುಂದಿಡುತ್ತಿದ್ದೇವೆ.

ಮೊದಲನೆಯ ಮಾತು, ಕುಂಟುವ ಮರಿಗಳಿಗೆಲ್ಲ ಇದೇ ರೋಗವೆಂದು ತಿಳಿಯಲಾಗದು. ನಮ್ಮ ಕಡೆ ಉಣ್ಣೆಗಳ ಕಾಟ ವಿಪರೀತ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಜ್ವರದಲ್ಲಿ ಕೀಲುಗಳು ಬಾತು ನಾಯಿ ನಡೆಯಲಾರದಾಗುವುದುಂಟು. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ಔಷಧಿಯಿಂದ ಗುಣವಾಗುತ್ತದೆ. ಬೆಳೆಯುವ ಮರಿಗಳ ಉದ್ದನೆಯ ಎಲುಬುಗಳಲ್ಲಿ ತಾನಾಗಿ ಬಂದು ತಾನಾಗಿ ಹೋಗುವ ಉರಿಯೂತವೊಂದಿದೆ. ಮುಂಗಾಲಿನ ಮೊಣಕೈ ಕೀಲಿನ ದೋಷವೂ ಇದೇ ವಯಸ್ಸಿನಲ್ಲಿ ತಲೆದೋರುತ್ತದೆ. ಆದ್ದರಿಂದ ವೈದ್ಯರು ಕೈಯಿಂದ ಕೀಲನ್ನು ಆಡಿಸಿ ನೋಡಬೇಕು. 'ಆರ್ಟೊಲಾನಿ ಪರೀಕ್ಷೆ' ಎಂಬುದರಲ್ಲಿ ಹೊರಜಾರಿದ ಎಲುಬಿನ ತಲೆ ಬಟ್ಟಲಿಗೆ ಮರಳಿ ಬೀಳುವ 'ಟಕ್' ಎಂಬ ಅನುಭವ ವೈದ್ಯರ ಕೈಗೆ ತಿಳಿಯುತ್ತದೆ. ನೋವಿನಿಂದ ಮೈಬಿಗಿಹಿಡಿದ ಮರಿಯಲ್ಲಿ ಇದು ಸಿಗದು. ಅದಕ್ಕಾಗಿಯೇ ಮಂಪರು ಬರಿಸಿ ಪರೀಕ್ಷೆ ಮಾಡಿ, ಅದೇ ಸ್ಥಿತಿಯಲ್ಲಿ ಎಕ್ಸ್-ರೇ ತೆಗೆಯುತ್ತಾರೆ. ನಾಯಿಯನ್ನು ಹೇಗೋ ಒತ್ತಿಹಿಡಿದು ತೆಗೆದ ಓರೆಕೋರೆ ಚಿತ್ರವನ್ನು ನಂಬಿ ಪ್ರಾಣದ ವಿಷಯವನ್ನು ತೀರ್ಮಾನಿಸುವುದು ಸರಿಯಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ.

ಇನ್ನು ಚಿಕಿತ್ಸೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚಿನ ಫಲ ಕೊಡುವುದು, ಎಲ್ಲಕ್ಕಿಂತ ಕಡಿಮೆ ಖರ್ಚಿನದು, ಎಲ್ಲಕ್ಕಿಂತ ಕಷ್ಟದ್ದು ಒಂದೇ: ಮಿತಾಹಾರ. ನಾಯಿಗಲ್ಲ, ಮನೆಯವರಿಗೆ ಕಷ್ಟ! ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಎಂಟು ವಾರದ ವಯಸ್ಸಿನಿಂದ ಜೋಡಿಜೋಡಿಯಾಗಿ ಸಾಕಿ ಒಂದು ದೀರ್ಘ ಅಧ್ಯಯನ ನಡೆಸಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ಉಂಡ ನಾಯಿಗಳ ಆಯುಷ್ಯ 13 ವರ್ಷದ ಆಸುಪಾಸಿಗೆ ಮುಟ್ಟಿತು. ಹೆಚ್ಚು ಉಂಡವುಗಳದು 11.2 ವರ್ಷ. ಸೊಂಟದ ಕೀಲಿನ ದೋಷವೂ ಸಂಧಿವಾತವೂ ಮಿತಾಹಾರದ ಗುಂಪಿನಲ್ಲಿ ಕಡಿಮೆ ಮತ್ತು ತಡವಾಗಿ ಕಾಣಿಸಿಕೊಂಡವು. ಪಕ್ಕೆಲುಬುಗಳ ಮೇಲೆ ಹಗುರಾಗಿ ಕೈಯಾಡಿಸಿದರೆ ಅವು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ನಡು ಸಣ್ಣದಾಗಿ ಕಾಣಬೇಕು, ಇದೇ ಅಳತೆಗೋಲು. ನಮ್ಮ ಮನೆಗಳಲ್ಲಿಯೋ ಅಜ್ಜಿ ಒಂದು ತುಪ್ಪ ಸವರಿದ ಚಪಾತಿ, ಮೊಮ್ಮಕ್ಕಳು ಎರಡು ಬಿಸ್ಕತ್ತು, ಯಜಮಾನರು ತಮ್ಮ ತಟ್ಟೆಯಿಂದ ಒಂದಿಷ್ಟು ಹೋಳಿಗೆ. ಪ್ರತಿಯೊಬ್ಬರೂ 'ಒಂದೇ ತುತ್ತು' ಎನ್ನುವರು. ತಮ್ಮನ ಮನೆಯಲ್ಲಿ ದಿನದ ಆಹಾರವನ್ನು ಬೆಳಿಗ್ಗೆಯೇ ಅಳೆದು ಒಂದು ಡಬ್ಬಿಯಲ್ಲಿಟ್ಟು, ಯಾರು ಏನು ಕೊಟ್ಟರೂ ಅದರಿಂದಲೇ ಕೊಡತಕ್ಕದ್ದೆಂದು ಕಟ್ಟಳೆ ಮಾಡಿದರು. ಅಜ್ಜಿಯನ್ನು ಈ ಕಟ್ಟಳೆಗೆ ಒಪ್ಪಿಸಲು ಎರಡು ವಾರ ಹಿಡಿಯಿತು.

ಇದಕ್ಕೆ ಹೊಂದಿಕೊಂಡು ಇನ್ನೊಂದು ಎಚ್ಚರಿಕೆ. ಮರಿ ಕುಂಟಿದೊಡನೆ ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿ ತರುವ ರೂಢಿ ನಮ್ಮಲ್ಲಿ ಬಲವಾಗಿದೆ. ಹಾಲೆಂಡಿನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಪ್ರಯೋಗಗಳು ಅಧಿಕ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನು ಕೆಡಿಸುತ್ತದೆಂದು ತೋರಿಸಿಕೊಟ್ಟಿವೆ. ಎಳೆಯ ಮರಿಯ ಕರುಳು ಬೇಡದ ಕ್ಯಾಲ್ಸಿಯಮ್ಮನ್ನು ತಡೆಯಲಾರದು. ಸಮತೋಲದ ಆಹಾರ ತಿನ್ನುವ ಭಾರಿ ತಳಿಯ ಮರಿಗೆ ಇದು ಉಪಕಾರವಲ್ಲ, ಅಪಕಾರ. ಶಾಕಾಹಾರಿ ಮನೆಗಳಲ್ಲಿ ಬೆಳೆಯುವ ಮರಿಗೆ ಬರಿಯ ಹಾಲು-ಅನ್ನ ಸಾಲದು. ವೈದ್ಯರಿಂದ ಆಹಾರದ ಪಟ್ಟಿ ಬರೆಸಿಕೊಳ್ಳುವುದು ಅವಶ್ಯ. ಮಾಂಸವನ್ನು ತ್ಯಜಿಸಿದ ವ್ರತ ಮನೆಯವರದು. ನಾಯಿ ಆ ವ್ರತವನ್ನು ತೊಟ್ಟಿಲ್ಲವೆಂಬುದನ್ನು ನೆನಪಿನಲ್ಲಿಟ್ಟು ಪ್ರತಿಯೊಂದು ಮನೆಯೂ ತನ್ನ ದಾರಿಯನ್ನು ಆರಿಸಿಕೊಳ್ಳಲಿ.

ಮಿಂಚುವ ಟೈಲ್ಸ್, ಗ್ರಾನೈಟ್ ನೆಲಗಳು ಮನುಷ್ಯರಿಗೆ ಅಂದ. ಸಡಿಲಗೀಲಿನ ನಾಯಿಗೆ ಜಾರುಬಂಡೆ. ನಾಯಿ ಓಡಾಡುವ ದಾರಿಯಲ್ಲಿ ಜಮಖಾನೆ, ಗೋಣಿತಟ್ಟು, ರಬ್ಬರ್ ಚಾಪೆ ಏನಾದರೂ ಹಾಸಬೇಕು, ಉಗುರುಗಳನ್ನು ಕತ್ತರಿಸುತ್ತಿರಬೇಕು. ನಾರ್ವೆ ದೇಶದಲ್ಲಿ ನಾಲ್ಕು ಭಾರಿ ತಳಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೂರು ತಿಂಗಳೊಳಗಿನ ಮರಿ ದಿನವೂ ಮೆಟ್ಟಿಲು ಹತ್ತಿಳಿದರೆ ಈ ರೋಗದ ಸಂಭವ ಹೆಚ್ಚುವುದೆಂದೂ, ಮೆತ್ತನೆಯ ನೆಲದಲ್ಲಿ ಸ್ವೇಚ್ಛೆಯಾಗಿ ಆಡಿಕೊಂಡಿದ್ದರೆ ಕಡಿಮೆಯಾಗುವುದೆಂದೂ ತಿಳಿಸುತ್ತದೆ. ಹೊಲದ ಮಣ್ಣಿನಲ್ಲಿ ಹೊರಳಾಡಿ ಬೆಳೆಯುವ ಹಳ್ಳಿಯ ನಾಯಿಯ ಭಾಗ್ಯವೇ ಭಾಗ್ಯ. ರೋಗ ತಿಳಿದ ಮೇಲೆ ನಾಯಿಯನ್ನು ಕಟ್ಟಿಹಾಕಿ ಕೂರಿಸುವುದೂ ತಪ್ಪು, ಚೆಂಡೆಸೆದು ಓಡಿಸುವುದೂ ತಪ್ಪು. ಹಗ್ಗ ಹಿಡಿದು ದಿನಕ್ಕೆ ಮೂರು ನಾಲ್ಕು ಸಲ ಅಲ್ಪಕಾಲದ ನಡಿಗೆ, ಅನುಕೂಲವಿದ್ದರೆ ಈಜು, ಇವು ಮಾಂಸಖಂಡಗಳನ್ನು ಬಲಪಡಿಸುತ್ತವೆ. ಸಡಿಲಾದ ಕೀಲಿಗೆ ಮಾಂಸಖಂಡವೇ ಆಸರೆ.

ನೋವು ನಿವಾರಣೆಯ ಔಷಧಿಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಗುಳಿಗೆಗಳನ್ನು ನಾಯಿಗೆ ಎಂದಿಗೂ ಸ್ವತಃ ಕೊಡಬಾರದು. ಹೊಟ್ಟೆಯ ಹುಣ್ಣು, ಯಕೃತ್ತು ಮೂತ್ರಪಿಂಡಗಳ ಹಾನಿ, ಮರಣ ಸಹ ಸಂಭವಿಸಬಹುದು. ನಾಯಿಗಳಿಗೆಂದು ಒಪ್ಪಿತವಾದ ಕಾರ್ಪ್ರೊಫೇನ್, ಮೆಲಾಕ್ಸಿಕಾಮ್, ಫಿರೊಕಾಕ್ಸಿಬ್ ಮೊದಲಾದವನ್ನು ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಡುತ್ತಾರೆ. ಅವುಗಳನ್ನು ಉಣಿಸಿದ ಮೇಲೆಯೇ ಕೊಡಬೇಕು; ವಾಂತಿ ಅಥವಾ ಕಪ್ಪು ಮಲ ಕಂಡರೆ ನಿಲ್ಲಿಸಿ ಒಡನೆ ತಿಳಿಸಬೇಕು; ಸ್ಟೀರಾಯ್ಡ್ ಔಷಧಿಯೊಡನೆ ಬೆರೆಸಬಾರದು. ಪ್ರಾಸಂಗಿಕವಾಗಿ ಹೇಳುವುದಾದರೆ, ಡೈಕ್ಲೋಫೆನಾಕನ್ನು ಪ್ರಾಣಿಗಳಿಗೆ ಬಳಸುವುದನ್ನು ಭಾರತದಲ್ಲಿ 2006ರಲ್ಲಿಯೇ ನಿಷೇಧಿಸಲಾಯಿತು. ಆ ಔಷಧಿ ಪಡೆದು ಸತ್ತ ದನಗಳ ಮಾಂಸ ತಿಂದು ರಣಹದ್ದುಗಳ ಸಂತತಿಯೇ ಅಳಿವಿನಂಚಿಗೆ ಬಂದಿತ್ತು. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮನಗರದ ರಾಮದೇವರ ಬೆಟ್ಟದಲ್ಲಿ ಅವುಗಳ ಸಂಖ್ಯೆ ಇಂದಿಗೂ ಬೆರಳೆಣಿಕೆಯದು. ಒಂದು ಗುಳಿಗೆಯ ಕಥೆ ಎಲ್ಲಿಂದ ಎಲ್ಲಿಗೆ ಮುಟ್ಟುತ್ತದೆ ನೋಡಿರಿ.

ಶಸ್ತ್ರಚಿಕಿತ್ಸೆಯಲ್ಲಿ ವಯಸ್ಸೇ ನಿರ್ಣಾಯಕ. ಮರಿಗೆ ಐದು ತಿಂಗಳು ತುಂಬುವುದರೊಳಗೆ ರೋಗದ ಸುಳಿವು ಸಿಕ್ಕರೆ, ಸೊಂಟದೆಲುಬಿನ ಕೆಳಗಿನ ಬೆಸುಗೆಯ ಬೆಳವಣಿಗೆಯನ್ನು ಸಣ್ಣ ಶಸ್ತ್ರಕ್ರಿಯೆಯಿಂದ ನಿಲ್ಲಿಸಬಹುದು. ಮುಂದೆ ಬೆಳೆಯುತ್ತ ಬಟ್ಟಲುಗಳು ತಾವಾಗಿ ಎಲುಬಿನ ತಲೆಯ ಮೇಲೆ ಬಾಗುತ್ತವೆ. ಆದರೆ ಆ ವಯಸ್ಸಿನಲ್ಲಿ ಮರಿ ಕುಂಟುವುದು ಅಪರೂಪವಾದ್ದರಿಂದ ಈ ಅವಕಾಶ ಬಹುತೇಕ ಕೈತಪ್ಪುತ್ತದೆ. ಸುಮಾರು ಹತ್ತು ತಿಂಗಳೊಳಗೆ, ಸಂಧಿವಾತ ಇನ್ನೂ ತಲೆದೋರದಿದ್ದರೆ, ಸೊಂಟದೆಲುಬನ್ನು ಎರಡು ಮೂರು ಕಡೆ ಕತ್ತರಿಸಿ ಬಟ್ಟಲನ್ನು ತಿರುಗಿಸಿ ಲೋಹದ ಪಟ್ಟಿಯಿಂದ ಕೂಡಿಸುವ ವಿಧಾನವಿದೆ. ಸವೆತ ಮುಂದುವರಿದ ನಾಯಿಗಳಿಗೆ ಎರಡು ದಾರಿ. ಒಂದು, ತೊಡೆಯೆಲುಬಿನ ತಲೆಯನ್ನೇ ಕತ್ತರಿಸಿ ತೆಗೆಯುವುದು. ಎಲುಬಿಗೆ ಎಲುಬು ಉಜ್ಜುವುದು ನಿಂತು, ಸುತ್ತಲಿನ ಮಾಂಸವೇ ಹುಸಿಕೀಲಾಗಿ ಒದಗುತ್ತದೆ. ಹಗುರ ನಾಯಿಗಳಲ್ಲಿ ಇದರ ಫಲ ಉತ್ತಮ. ಭಾರದ ನಾಯಿಗಳಲ್ಲಿಯೂ ನೋವು ತಗ್ಗುತ್ತದೆ, ಆದರೆ ನಡಿಗೆ ಪೂರ್ತಿ ಸಹಜವಾಗದು. ಇನ್ನೊಂದು, ಮನುಷ್ಯರಿಗೆ ಮಾಡುವಂತೆ ಕೃತಕ ಕೀಲನ್ನು ಜೋಡಿಸುವುದು. ಬೆಳವಣಿಗೆ ಮುಗಿದ ಮೇಲೆ ಮಾಡುವ ಈ ಚಿಕಿತ್ಸೆ ಎಲ್ಲಕ್ಕಿಂತ ಸಮರ್ಪಕ; ಖರ್ಚೂ ಎಲ್ಲಕ್ಕಿಂತ ಅಧಿಕ, ಮಾಡಬಲ್ಲವರೂ ವಿರಳ.

ತಮ್ಮನ ಮನೆಯ ಮರಿಗೆ ಆಗಲೇ ಸಂಧಿವಾತ ಮೊದಲಾಗಿದ್ದುದರಿಂದ ಬಟ್ಟಲು ತಿರುಗಿಸುವ ದಾರಿ ಮುಚ್ಚಿತ್ತು. ಕಾಲೇಜಿನ ವೈದ್ಯರು ಆಗ ಹೇಳಿದ ಒಂದು ವಿಷಯ ಎಲ್ಲರೂ ತಿಳಿಯತಕ್ಕದ್ದು. ಐದರಿಂದ ಹತ್ತು ತಿಂಗಳ ನಡುವೆ ತೀವ್ರವಾಗಿ ನೋಯುವ ಎಷ್ಟೋ ಮರಿಗಳು, ವರ್ಷ ದಾಟಿ ಕೀಲಿನ ಸುತ್ತಲ ಪೊರೆ ದಪ್ಪವಾಗುತ್ತಿದ್ದಂತೆ, ತಾವಾಗಿ ಚೇತರಿಸಿಕೊಳ್ಳುತ್ತವೆ. ಅಂದರೆ ಏಳನೆಯ ತಿಂಗಳಿನ ಸ್ಥಿತಿ ಜೀವಮಾನದ ಸ್ಥಿತಿಯಲ್ಲ. ಅವರು ಕಾಯಲು ನಿರ್ಧರಿಸಿದರು. ಹದಿನಾಲ್ಕನೆಯ ತಿಂಗಳಿಗೆ ದಿನನಿತ್ಯದ ಗುಳಿಗೆ ನಿಂತಿತು. ಈಗ ಅದಕ್ಕೆ ಮೂರನೆಯ ವರ್ಷ. ಚಳಿಗಾಲದ ಮುಂಜಾವಿನಲ್ಲಿ ಎಡಗಾಲು ಬಿಗಿಯುತ್ತದೆ. ಆ ಕಾಲಿಗೆ ಮುಂದೊಂದು ದಿನ ಶಸ್ತ್ರಚಿಕಿತ್ಸೆ ಬೇಕಾದೀತೆಂದು ವೈದ್ಯರು ಹೇಳಿಟ್ಟಿದ್ದಾರೆ. ಅದಕ್ಕಾಗಿ ತಿಂಗಳು ತಿಂಗಳು ಒಂದಿಷ್ಟು ಹಣವನ್ನು ಬೇರೆ ತೆಗೆದಿಡುತ್ತಿದ್ದಾರೆ.

ದಯಾಮರಣವೆಂಬುದು ಎಂದಿಗೂ ಕೂಡದೆಂದು ನಾವು ಹೇಳೆವು. ಔಷಧಿಗೂ ಶಸ್ತ್ರಕ್ಕೂ ಬಗ್ಗದ ನೋವಿನಲ್ಲಿ ಮೂಕಪ್ರಾಣಿಯನ್ನು ನರಳಿಸುವುದು ಕರುಣೆಯಾಗದು. ಆದರೆ ಆ ಮಾತು ಕೊನೆಯದಾಗಿರಬೇಕು, ಮೊದಲನೆಯದಾಗಬಾರದು. ಖರ್ಚಿಗಂಜಿ ನಾಯಿಯನ್ನು ಊರಾಚೆ ಬಿಟ್ಟುಬರುವವರೂ ಇದ್ದಾರೆ. ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಮರಿಯನ್ನು ಕೊಳ್ಳಲು ಹೊರಟವರು ಅದರ ಬಣ್ಣ, ಕಿವಿ, ಕಾಗದಪತ್ರಗಳನ್ನು ನೋಡುತ್ತಾರೆ. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್-ರೇ ತೆಗೆಸಲಾಗಿದೆಯೇ ಎಂದು ಕೇಳುವವರು ವಿರಳ. ಅಮೆರಿಕದಲ್ಲಿ ಇಂಥ ಚಿತ್ರಗಳನ್ನು ಪರಿಶೀಲಿಸಿ ದಾಖಲಿಸುವ ಸಂಸ್ಥೆಯೇ 1966ರಿಂದ ನಡೆದುಬಂದಿದೆ. ನಮ್ಮಲ್ಲಿ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದೂ ಮರಿಮಾಡಿಸುವವರು ನೋಂದಣಿ ಮಾಡಿಸತಕ್ಕದ್ದೆಂದೂ ವಿಧಿಸಿವೆ. ನೋಂದಣಿ ಪತ್ರವನ್ನು ಕೇಳುವ ಹಕ್ಕು ಕೊಳ್ಳುವವನಿಗೆ ಉಂಟು. ಕಳೆದ ವರ್ಷ ಮರಿ ಮಾರಿದಾತನೇ ತಮ್ಮನ ಮನೆಗೆ ಬಂದು, ನಾಯಿ ನೋಡಲು ಲಕ್ಷಣವಾಗಿದೆ, ತನ್ನ ಹೆಣ್ಣುನಾಯಿಗೆ ಕೂಡಿಸೋಣ, ಹುಟ್ಟಿದ ಮರಿಗಳಲ್ಲಿ ಒಂದನ್ನು ನಿಮಗೆ ಬಿಡುತ್ತೇನೆ ಎಂದನಂತೆ. ಹುಡುಗ ಎಕ್ಸ್-ರೇ ಚಿತ್ರವನ್ನು ತಂದು ಆತನ ಕೈಗಿತ್ತನು. ಬೆಳವಣಿಗೆ ಪೂರ್ತಿಯಾಗುವ ಮುನ್ನ ಸಂತಾನಹರಣ ಮಾಡಿಸಿದರೆ ಲ್ಯಾಬ್ರಡಾರುಗಳಲ್ಲಿ ಕೀಲಿನ ತೊಂದರೆ ಹೆಚ್ಚುವುದೆಂದು ವೈದ್ಯರು ತಿಳಿಸಿದ್ದರಿಂದ ಅಲ್ಲಿಯವರೆಗೆ ಆ ಕೆಲಸವನ್ನು ಮುಂದೂಡಿದ್ದರು. ಮರುವಾರವೇ ಮಾಡಿಸಿಕೊಂಡು ಬಂದರು.