ಬಟ್ಟಲು ತುಂಬ ಪೋಕೆ: ಹಸಿ ಮೀನೇ ಬೇಕೆಂದಿಲ್ಲ!

‘ಅಮ್ಮಾ, ರಾತ್ರಿಗೆ ಪೋಕೆ ಬೌಲ್ ತರಿಸ್ಲಾ?’ ಅಂತ ಮಗಳು ಮೊಬೈಲ್ ಹಿಡಿದು ಕೇಳಿದರೆ ಗಾಬರಿಯಾಗಬೇಡಿ. ಬೆಂಗಳೂರಿನ ಹೋಟೆಲುಗಳ ಮೆನುವಿನಲ್ಲಿ ಈಗ ಇದೂ ಒಂದು. ಬೆಲೆ ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತೆ. ಒಳಗೇನಿದೆ ಅಂತ ಬಿಡಿಸಿ ನೋಡಿದರೆ ಅನ್ನ, ತರಕಾರಿ, ಸೋಯಾ ಸಾಸ್, ಮೇಲೊಂದಿಷ್ಟು ಮೀನು. ಮನೆಯಲ್ಲಿ ಮಾಡಲಾಗದ್ದೇನಲ್ಲ. ಆದರೆ ಆ ಮೀನು ಹಸಿ ಮೀನು! ಯೋಚಿಸಬೇಕಾದ್ದು ಅಲ್ಲೇ.

ಪೋಕೆ ಹವಾಯಿ ದ್ವೀಪಗಳ ತಿನಿಸು. ಅಲ್ಲಿನವರ ಭಾಷೆಯಲ್ಲಿ ಆ ಪದಕ್ಕೆ ಅಡ್ಡಡ್ಡ ಕತ್ತರಿಸಿ ತುಂಡು ಮಾಡುವುದು ಎಂದರ್ಥ. ಆಗಷ್ಟೇ ಹಿಡಿದ ಮೀನನ್ನು ತುಂಡರಿಸಿ, ಸಮುದ್ರದ ಉಪ್ಪು, ಲಿಮು ಎಂಬ ಕಡಲ ಪಾಚಿ, ಹುರಿದು ಕುಟ್ಟಿದ ಕುಕುಯಿ ಬೀಜ ಬೆರೆಸಿ ತಿನ್ನುತ್ತಿದ್ದರು. ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಜಪಾನೀಯರು ಮತ್ತಿತರ ಏಷ್ಯಾದವರಿಂದ ಸೋಯಾ ಸಾಸ್, ಎಳ್ಳೆಣ್ಣೆ ಸೇರಿಕೊಂಡವು. ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಇವತ್ತಿಗೂ ಪೋಕೆಯನ್ನು ತೂಕ ಮಾಡಿ ಕೊಡ್ತಾರೆ, ನಮ್ಮ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಚೌಚೌ ತೂಗಿದ ಹಾಗೆ! ಬಟ್ಟಲಿನಲ್ಲಿ ಅನ್ನ ಹಾಕಿ, ಅದರ ಮೇಲೆ ಹತ್ತಾರು ಬಗೆ ಜೋಡಿಸುವ ಶೋಕಿ ಹಬ್ಬಿದ್ದು 2010ರ ದಶಕದಲ್ಲಿ, ಅಮೆರಿಕದ ಉಳಿದ ಊರುಗಳಿಂದ.

ಹಾಗಾದರೆ ಹಸಿ ಮೀನು ತಿನ್ನಬಹುದೇ? ಹವಾಯಿಯಲ್ಲಿ ಬಳಸುವುದು ಹೆಚ್ಚಾಗಿ ‘ಆಹಿ’ ಎಂಬ ಟ್ಯೂನಾ. ಹಿಡಿದ ಗಳಿಗೆಯಿಂದ ಕತ್ತರಿಸುವ ತನಕ ಅದು ಮಂಜುಗಡ್ಡೆಯಲ್ಲೇ ಇರಬೇಕು. ನಮ್ಮ ಮಾರುಕಟ್ಟೆಯ ಮೀನು ಸಾರು ಮಾಡಿ, ಹುರಿದು ತಿನ್ನಲಿಕ್ಕೆಂದು ಬಂದದ್ದು. ಎಷ್ಟೇ ತಾಜಾ ಕಂಡರೂ ಹಸಿಯಾಗಿ ತಿನ್ನಬೇಡಿ. ಫ್ರೀಜರ್‌ನಲ್ಲಿಟ್ಟರೆ ಸಾಲದೇ ಅಂತೀರಾ? ಮೀನಿನಲ್ಲಿರುವ ಹುಳುಗಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಎಂಬುದು ಅಮೆರಿಕದ ಆಹಾರ ಇಲಾಖೆಯ ಸೂಚನೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ, ಐಸ್‌ಕ್ರೀಮಿಗೆಂದು ಮಕ್ಕಳು ದಿನಕ್ಕೆ ಹತ್ತು ಸಲ ಬಾಗಿಲು ತೆಗೀತಾರೆ. ಅಲ್ಲದೆ ಥಂಡಿಗೆ ಹುಳು ಸತ್ತರೂ ಬ್ಯಾಕ್ಟೀರಿಯಾ, ವೈರಸ್ ಸಾಯುವುದಿಲ್ಲ. 2016ರಲ್ಲಿ ಹವಾಯಿಯಲ್ಲೇ, ಫ್ರೀಜ್ ಮಾಡಿ ತರಿಸಿದ್ದ ಚಿಪ್ಪಿನ ಮಾಂಸವನ್ನು ಹಸಿಯಾಗಿ ತಿಂದು 292 ಜನರಿಗೆ ಹೆಪಟೈಟಿಸ್ ಎ ಕಾಮಾಲೆ ತಗುಲಿತ್ತು. ನಿಂಬೆರಸ ಹಿಂಡಿದರೆ ಮೀನು ಬಿಳಿಚಿಕೊಂಡು ಬೆಂದಂತೆ ಕಾಣುತ್ತೆ, ಅಷ್ಟೇ. ಅದನ್ನು ನಂಬಬೇಡಿ.

ಇನ್ನೊಂದು ಮಾತು. ಟ್ಯೂನಾ, ಬಂಗುಡೆಯಂಥ ಮೀನನ್ನು ಬಿಸಿಲಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಅನ್ನೋ ವಿಷ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ತಲೆನೋವು, ತುರಿಕೆ, ವಾಂತಿ. ಇದು ಕುದಿಸಿದರೂ ಹೋಗುವುದಿಲ್ಲ, ಕರಿದರೂ ಹೋಗುವುದಿಲ್ಲ. ಹಾಗಾಗಿ ಐಸ್ ಇಲ್ಲದ ಬುಟ್ಟಿಯಿಂದ ಮೀನು ಕೊಳ್ಳಲೇಬೇಡಿ, ಪೋಕೆಗಿರಲಿ, ಸಾರಿಗೂ ಬೇಡ. ಮನೆಯಲ್ಲಿ ಬಸುರಿ ಹೆಣ್ಣುಮಗಳು, ಎಳೆ ಮಕ್ಕಳು, ವಯಸ್ಸಾದ ಅತ್ತೆ ಮಾವ ಇದ್ದರೆ ಹೋಟೆಲಿನಿಂದಲೂ ಹಸಿ ಮೀನಿನ ಬೌಲ್ ತರಿಸಬೇಡಿ. ‘ಒಂದೇ ತುತ್ತು’ ಅಂತ ಬಸುರಿಯ ಬಾಯಿಗೆ ಇಡುವ ಪ್ರೀತಿಯೂ ಬೇಡ.

ಹಾಗಂತ ಪೋಕೆ ಆಸೆ ಬಿಡಬೇಕಿಲ್ಲ. ಸಿಗಡಿಯನ್ನು ಶುಚಿ ಮಾಡಿ, ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ, ಒಳಗೂ ಬಿಳಿಯಾಗುವವರೆಗೆ ಬೇಯಿಸಿ ತಣ್ಣೀರಿಗೆ ಹಾಕಿ. ಸಸ್ಯಾಹಾರಿಗಳು ತೋಫುವನ್ನು ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಭಾರ ಹೇರಿ, ನೀರಿಳಿದ ಮೇಲೆ ತುಂಡು ಮಾಡಿ ಕಾವಲಿಯಲ್ಲಿ ಕೆಂಪಗೆ ಹುರಿಯಿರಿ. ಪನೀರ್ ಆಗುತ್ತೆ, ಆದರೆ ಸಾಸ್ ಹೀರುವುದಿಲ್ಲ. ನಿಜಕ್ಕೂ ಚೆಂದ ಬೀಟ್‌ರೂಟ್. ಬೇಯಿಸಿ ಚೌಕಾಕಾರಕ್ಕೆ ಹೆಚ್ಚಿ ಸಾಸಿನಲ್ಲಿ ನೆನೆಸಿದರೆ ನೋಡಲು ಥೇಟ್ ಟ್ಯೂನಾ!

ಸಾಸ್ ಸುಲಭ. ನಾಲ್ವರಿಗೆ, 400 ಗ್ರಾಂ ತುಂಡುಗಳಿಗೆ, 3 ದೊಡ್ಡ ಚಮಚ ಸೋಯಾ ಸಾಸ್, 1 ದೊಡ್ಡ ಚಮಚ ಎಳ್ಳೆಣ್ಣೆ, 1 ಚಿಕ್ಕ ಚಮಚ ವಿನೆಗರ್, ತುರಿದ ಶುಂಠಿ, ಚಿಟಿಕೆ ಒಣಮೆಣಸಿನ ತರಿ. ಉಪ್ಪು ಹಾಕಲೇಬೇಡಿ, ಸೋಯಾ ಸಾಸ್‌ನಲ್ಲಿರುವುದೇ ಧಾರಾಳ. ಬಿಪಿ ಇರುವವರು ಅದನ್ನೂ ಅರ್ಧ ಮಾಡಿ. ಎಳ್ಳೆಣ್ಣೆ ಅಂದರೆ ಹುರಿದ ಎಳ್ಳಿನಿಂದ ತೆಗೆದ ಕಂದು ಬಣ್ಣದ್ದು. ನಮ್ಮ ಗಾಣದೆಣ್ಣೆ ಹಸಿ ಎಳ್ಳಿನದು, ಆ ಘಮ ಬರೋದಿಲ್ಲ. ಅದೇ ಇದ್ದರೆ ಒಂದು ಚಮಚ ಎಳ್ಳು ಹುರಿದು ಕುಟ್ಟಿ ಸೇರಿಸಿ. ತುಂಡುಗಳನ್ನು ಸಾಸಿನಲ್ಲಿ ಬೆರೆಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಅನ್ನ ಉದುರುದುರಾಗಬಾರದು. ಬಾಸ್ಮತಿ ಬೇಡ. ಸೋನಾ ಮಸೂರಿಗೆ ಒಂದು ಹಿಡಿ ನೀರು ಜಾಸ್ತಿ ಇಟ್ಟರಾಯಿತು. ಉಗುರು ಬೆಚ್ಚಗಿನ ಅನ್ನದ ಮೇಲೆ ತಣ್ಣನೆಯ ಪೋಕೆ, ಅದೇ ರುಚಿ. ರಾತ್ರಿಯೆಲ್ಲ ಹೊರಗಿದ್ದ ಅನ್ನ ಮಾತ್ರ ಬಳಸಬೇಡಿ.

ಇನ್ನು ಮೇಲಲಂಕಾರ. ಹೋಟೆಲಿನವರು ಹದಿನೈದು ಬಗೆ ಇಡ್ತಾರೆ. ಎಲ್ಲಾ ಹಾಕಿದರೆ ಆಗುವುದು ಕದಂಬ! ನಾಲ್ಕೈದು ಸಾಕು. ಕಚ ಕಚ ಅನ್ನಲು ಎಳೆ ಸೌತೆಕಾಯಿ, ಮೂಲಂಗಿ. ಬಾಯಲ್ಲಿ ಕರಗಲು ಬೆಣ್ಣೆಹಣ್ಣು. ಕೊಡಗಿನದು ಸಿಕ್ಕರೆ ದುಬಾರಿ ವಿದೇಶಿ ಹಣ್ಣಿಗೆ ದುಡ್ಡು ಸುರಿಯಬೇಕಿಲ್ಲ. ಹವಾಯಿಯ ಈರುಳ್ಳಿ ಸಿಹಿ, ನಮ್ಮದು ಖಾರ. ತೆಳ್ಳಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು ಹಿಂಡಿದರೆ ಘಾಟು ಇಳಿಯುತ್ತೆ. ಎಡಮಾಮೆ ಅಂತ ಕೊಡುವುದು ಎಳೆ ಸೋಯಾ ಕಾಳು. ಅವರೆ ಕಾಲದಲ್ಲಿ ಬೇಯಿಸಿದ ಹಿತಕಿದ ಬೇಳೆ ಹಾಕಿ ನೋಡಿ, ಸೋಯಾ ಕಾಳು ನೆನಪಿಗೂ ಬಾರದು. ಹುಳಿಸಿಹಿಗೆ ದೋರೆ ಮಾವು ಅಥವಾ ಅನಾನಸ್, ಎರಡೂ ಒಟ್ಟಿಗೆ ಬೇಡ. ಕುಕುಯಿ ಬೀಜದ ಜಾಗಕ್ಕೆ ಹುರಿದು ಜಜ್ಜಿದ ಗೋಡಂಬಿ. ಕಡೆಗೆ ಈರುಳ್ಳಿ ಹೂವು, ಕರಿ ಎಳ್ಳು. ಕಡಲ ಪಾಚಿಯ ನೋರಿ ಹಾಳೆ ಇದ್ದರೆ ಬಡಿಸುವ ಹೊತ್ತಿಗೆ ಚೂರು ಮಾಡಿ ಉದುರಿಸಿ, ಮೊದಲೇ ಹಾಕಿದರೆ ಮೆತ್ತಗಾಗಿಬಿಡುತ್ತೆ. ಮೇಲೆ ಮೇಯನೀಸ್ ಸುರಿಯುವ ಅಭ್ಯಾಸ ನನಗಂತೂ ಹಿಡಿಸದು, ಎಲ್ಲಾ ರುಚಿಯೂ ಅದರಲ್ಲೇ ಮುಳುಗಿಹೋಗುತ್ತೆ.

ಮಗಳ ಡಬ್ಬಿಗೆ ಕಳಿಸುವುದಾದರೆ ಸಿಗಡಿ ಬೇಡ, ತೋಫು ಅಥವಾ ಬೀಟ್‌ರೂಟ್ ಇರಲಿ. ಸಾಸನ್ನು ಪುಟ್ಟ ಡಬ್ಬಿಯಲ್ಲಿ ಬೇರೆ ಕೊಡಿ, ಬೆಣ್ಣೆಹಣ್ಣಿಗೆ ನಿಂಬೆರಸ ಸವರಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಪ್ಪಗಾಗಿ ಡಬ್ಬಿ ಹಾಗೇ ವಾಪಸ್ ಬರುತ್ತೆ.