ಕಿಟಕಿಯಿಂದ ಬಿದ್ದ ಚಿನ್ನದ ಗಂಟು

ಕ್ರಿಸ್‌ಮಸ್ ಉಡುಗೊರೆಯ ಮೂಲ ಹುಡುಕಿ ಹೊರಟರೆ ಎಲ್ಲಿಗೆ ತಲುಪುತ್ತೇವೆ? ಹಿಮ ಸುರಿಯುವ ಉತ್ತರ ಧ್ರುವಕ್ಕಲ್ಲ. ಮೂವರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಹೊಂದಿಸಲಾಗದೆ ಕಂಗೆಟ್ಟ ಬಡ ಅಪ್ಪನೊಬ್ಬನ ಮನೆಗೆ! ಹೌದು, ವರದಕ್ಷಿಣೆಯೇ!

ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ದೆಮ್ರೆ, 4ನೇ ಶತಮಾನದಲ್ಲಿ ಮೈರಾ. ಅಲ್ಲಿನ ಬಿಷಪ್ ನಿಕೋಲಸ್ ಬಗ್ಗೆ ಹಬ್ಬಿದ ದಂತಕಥೆ ಇದು. ಮಕ್ಕಳನ್ನು ಮೈ ಮಾರುವ ದಂಧೆಗೆ ದೂಡುವುದೊಂದೇ ದಾರಿ ಎನ್ನುವಷ್ಟು ಆ ಮನೆ ಸೋತಿತ್ತು. ಒಂದು ರಾತ್ರಿ ಕಿಟಕಿಯಿಂದ ಚಿನ್ನದ ಗಂಟೊಂದು ಧೊಪ್ಪನೆ ಒಳಗೆ ಬಿತ್ತು. ಹಿರಿಯವಳ ಮದುವೆ ಆಯಿತು. ಮತ್ತೊಂದು ರಾತ್ರಿ, ಮತ್ತೊಂದು ಗಂಟು, ಮತ್ತೊಂದು ಮದುವೆ. ಮೂರನೆಯ ಸಲಕ್ಕೆ ಅಪ್ಪ ನಿದ್ದೆಗೆಟ್ಟು ಕಾದು ಕುಳಿತ. ಸದ್ದಾದದ್ದೇ ತಡ, ಹೊರಗೋಡಿ ಹಿಡಿದೇಬಿಟ್ಟ. ಸಿಕ್ಕಿಬಿದ್ದ ನಿಕೋಲಸ್ ಬೇಡಿಕೊಂಡದ್ದು ಒಂದನ್ನೇ: ಯಾರಿಗೂ ಹೇಳಬೇಡ!

ಈ ಗುಟ್ಟು ಮುಂದೆ ಮಾಡಿದ ಪ್ರಯಾಣ ನೋಡಿ! 1087ರಲ್ಲಿ ಇಟಲಿಯ ಬಾರಿ ಪಟ್ಟಣದ ನಾವಿಕರು ನಿಕೋಲಸನ ಅಸ್ಥಿಗಳನ್ನೇ ಮೈರಾದಿಂದ ಎತ್ತಿಕೊಂಡು ಹೋದರು. 1425ರಲ್ಲಿ ಜೆಂಟಿಲೆ ದ ಫಾಬ್ರಿಯಾನೊ ಬರೆದ ಚಿತ್ರದಲ್ಲಿ ನಿಕೋಲಸ್ ಕಿಟಕಿಯ ಹೊರಗೆ ನಿಂತು ಚಿನ್ನದ ಗುಂಡುಗಳನ್ನು ಒಳಗೆ ಎಸೆಯುತ್ತಿದ್ದಾನೆ. ಕಥೆ ಬಾಯಿಂದ ಬಾಯಿಗೆ ದಾಟುತ್ತ ಕಿಟಕಿ ಹೋಗಿ ಹೊಗೆಗೂಡು ಬಂತು. ಚಿನ್ನ ಅಲ್ಲಿಂದ ಜಾರಿ, ಒಣಗಲು ತೂಗುಹಾಕಿದ್ದ ಕಾಲುಚೀಲಕ್ಕೇ ಬಿತ್ತು! ಕಾಲುಚೀಲದ ತುದಿಗೆ ಕಿತ್ತಳೆ ತುರುಕುವ ಪಾಶ್ಚಾತ್ಯ ಮನೆಗಳ ರೂಢಿಯಲ್ಲಿ ಆ ಚಿನ್ನದ ಗುಂಡುಗಳನ್ನೇ ಕಾಣುವವರಿದ್ದಾರೆ.

ಡಿಸೆಂಬರ್ 6 ನಿಕೋಲಸನ ಹಬ್ಬ. ಅದರ ಮುನ್ನಾದಿನ ಡಚ್ ಮನೆಗಳಲ್ಲಿ ಸಂಭ್ರಮವೋ ಸಂಭ್ರಮ. ಅಲ್ಲಿ ನಿಕೋಲಸನ ಹೆಸರು ಸಿಂಟರ್‌ಕ್ಲಾಸ್; ಬಿಳಿ ಕುದುರೆಯೇರಿ ಬರುವ ಅವನಿಗಾಗಿ ಮಕ್ಕಳು ಬೂಟಿನೊಳಗೆ ಕ್ಯಾರೆಟ್ ಇಟ್ಟು ಮಲಗುತ್ತಾರೆ, ಕ್ಯಾರೆಟ್ ಕುದುರೆಗೆ! ಸಂತರ ಪೂಜೆ ಒಪ್ಪದ ಮಾರ್ಟಿನ್ ಲೂಥರ್‌ನ ಅನುಯಾಯಿಗಳು ಜರ್ಮನಿಯಲ್ಲಿ ಉಡುಗೊರೆಯ ಹೊಣೆಯನ್ನು ಬಾಲಯೇಸುವಿಗೆ ಒಪ್ಪಿಸಿದರು, ದಿನವನ್ನು ಕ್ರಿಸ್‌ಮಸ್‌ಗೆ ಸರಿಸಿದರು. ಸಿಂಟರ್‌ಕ್ಲಾಸ್ ಅಮೆರಿಕದಲ್ಲಿ ಸಾಂತಾ ಕ್ಲಾಸ್ ಆದ. ಅಲ್ಲಿ ಲೇಖಕ ವಾಷಿಂಗ್ಟನ್ ಇರ್ವಿಂಗ್ ನಿಕೋಲಸನನ್ನು ಗಾಡಿಯಲ್ಲಿ ಮರಗಳ ಮೇಲೆ ಹಾರಿಸಿದ. 1823ರಲ್ಲಿ ಅಲ್ಲಿನ ಟ್ರಾಯ್ ಊರಿನ ಪತ್ರಿಕೆಯೊಂದರಲ್ಲಿ ಬಂದ ಪದ್ಯ ಅವನ ಗಾಡಿಗೆ ಎಂಟು ಹಿಮಸಾರಂಗಗಳನ್ನು ಕಟ್ಟಿಕೊಟ್ಟಿತು. 1863ರಲ್ಲಿ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ತನ್ನ ಚಿತ್ರದಲ್ಲಿ ಅವನಿಗೆ ಅಮೆರಿಕದ ಬಾವುಟದ ಪಟ್ಟೆ, ನಕ್ಷತ್ರಗಳನ್ನೇ ತೊಡಿಸಿ ಅಂತರ್ಯುದ್ಧದ ಸೈನಿಕರ ಡೇರೆಗೆ ಕಳಿಸಿದ!

ಇನ್ನೂ ಸೋಜಿಗ ಬೇಕೆ? ಇಟಲಿಯಲ್ಲಿ ಉಡುಗೊರೆ ತರುವವಳು ಪೊರಕೆಯೇರಿದ ಮುದುಕಿ ಬೆಫಾನಾ. ಐಸ್‌ಲ್ಯಾಂಡಿನಲ್ಲಿ 13 ತುಂಟ ಸಹೋದರರು. ತಂಟೆಕೋರ ಮಕ್ಕಳ ಬೂಟಿಗೆ ಕೊಳೆತ ಆಲೂಗಡ್ಡೆ! ಕ್ಯಾಟಲೋನಿಯಾದಲ್ಲಂತೂ ಮರದ ತುಂಡಿಗೆ ಕಂಬಳಿ ಹೊದಿಸಿ, ದಿನವೂ ಉಣಿಸಿ, ಕೊನೆಗೆ ಕೋಲಿನಿಂದ ಬಡಿದರೆ ಅದು ಸಿಹಿತಿಂಡಿಯನ್ನೇ ಹೇಲುತ್ತದೆ!

ಮುದುಕಿ, ಮರದ ತುಂಡು, ಗಡ್ಡದ ಅಜ್ಜ: ಎಲ್ಲೆಡೆ ಕೊಡುವವರು ಬೇರೆ ಯಾರೋ! ಹೆಸರು ಮುಚ್ಚಿಡು ಎಂದು ಬೇಡಿದವನ ಹೆಸರು ಇಡೀ ಲೋಕಕ್ಕೆ ಗೊತ್ತಾಗಿಹೋಯಿತು. ಆದರೇನು, ಅವನ ಪಾಠ ಉಳಿಯಿತು. ವರ್ಷವಿಡೀ ಕಾಸು ಕೂಡಿಸಿದ ಅಪ್ಪ ಅಮ್ಮ ಡಿಸೆಂಬರ್ 24ರ ರಾತ್ರಿ ಮೆಲ್ಲಗೆ ಉಡುಗೊರೆ ಇಟ್ಟು, ಬೆಳಗ್ಗೆ ಅದರ ಹೊಗಳಿಕೆಯನ್ನೆಲ್ಲ ಸಂತೋಷದಿಂದ ಸಾಂತಾ ಕ್ಲಾಸ್‌ಗೆ ಬಿಟ್ಟುಕೊಡುತ್ತಾರೆ!